ಮೂರು ಸಲ ಒತ್ತಬೇಕಾದ ಫ್ಯಾನು

ಗೆಳೆಯರೇ, ಇವತ್ತು ಸಾದಲಿಯಲ್ಲಿ ಚಿಕ್ಕಮ್ಮನ ರೇಷ್ಮೆಹುಳದ ಮನೆಯಲ್ಲಿ ನನ್ನ ತಲೆ ಕೆಟ್ಟುಹೋಯಿತು. ಹುಳಕ್ಕೆ ಹಾಕುವ ಸೊಪ್ಪಿನ ಕಂತೆ ಹೊತ್ತುಕೊಂಡು ರಿಮೋಟ್ ಒತ್ತಿದರೆ ಫ್ಯಾನು ತಿರುಗುವುದು ಮೂರನೇ ಸಲಕ್ಕೆ. ನೋಡಲು ಬಂದ ಸರ್ವಿಸ್‌ನವನು ಚಿಕ್ಕಮ್ಮನನ್ನೇ ಗದರಿದ: "ರಿಮೋಟಿಗೆ ಪ್ಲಾಸ್ಟಿಕ್ ಕವರ್ ಹಾಕಿದ್ದೀರಲ್ಲಮ್ಮ, ಅದಕ್ಕೇ. ಇಲ್ಲಾಂದ್ರೆ ಮೂರು ಸಲ ಒತ್ತಿ, ಏನೀಗ?"

ಏನೀಗ ಅಂತೆ! ಇಂಥ ಯಂತ್ರಗಳನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಬರೆಯುವುದೇ ನನ್ನ ಕೆಲಸ. ಕವರ್ ತೆಗೆದು ನೋಡಿದೆ, ಅದೇ ಕತೆ. ಕಂತೆ ಅಡ್ಡ ಬಂದು ರಿಮೋಟಿನ ಸಂಕೇತ ಅರ್ಧಕ್ಕೇ ತುಂಡಾಗುತ್ತದೆ. ಫ್ಯಾನು ಉಳಿದರ್ಧಕ್ಕೆ ಕ್ಷಣ ಕಾದು, ಬರದಿದ್ದರೆ ಬಂದಷ್ಟನ್ನೂ ಎಸೆಯಬೇಕು. ಅದೇ ಟೈಮ್‌ಔಟ್. ಈ ಫ್ಯಾನಿನ ಡ್ರೈವರ್ ಬರೆದ ಪುಣ್ಯಾತ್ಮ ಅದನ್ನೇ ಮರೆತಿದ್ದಾನೆ. ಹತ್ತು ನಿಮಿಷ ಬಿಟ್ಟು ಒತ್ತಿದರೂ ಅದು ಹಳೇ ಅರ್ಧಕ್ಕೆ ಹೊಸದನ್ನು ಅಂಟಿಸಿ ಎರಡನ್ನೂ ಕೆಡಿಸುತ್ತದೆ. ಮೂರನೆಯದು ಮಾತ್ರ ಸರಿಯಾಗಿ ತಲುಪುತ್ತದೆ.

ಬಿಡಿಸಿ ಹೇಳಿದರೂ ಸರ್ವಿಸ್‌ನವನಿಗೆ ಇದು ತಲೆಗೆ ಹತ್ತಲಿಲ್ಲ. ಚಿಕ್ಕಮ್ಮನಿಗೆ ಹತ್ತಿತು. "ಪೊರೆ ಬಿಡೋಕೆ ಜ್ವರಕ್ಕೆ ಕೂತ ಹುಳ ಏಳೋವರ್ಗೂ ನಾವೂ ಸೊಪ್ಪು ಹಾಕ್ದೆ ಕಾಯ್ತೀವಿ ಕಣಪ್ಪ. ಹಂಗಂತ ನಾಲ್ಕು ಹುಳ ಏಳ್ಲಿಲ್ಲ ಅಂತ ಮಿಕ್ಕಿದ್ದನ್ನೆಲ್ಲ ಉಪವಾಸ ಕೆಡವ್ತೀವಾ? ಆ ನಾಲ್ಕನ್ನ ಆರಿಸಿ ಎಸೀತೀವಿ!"

ಅವನು ತಲೆ ಆಡಿಸಿ, ಸರ್ವಿಸ್ ಚೀಟಿಯಲ್ಲಿ ಬರೆದು ಹೋದ: "ಮೂರು ಸಲ ಒತ್ತಲು ಗ್ರಾಹಕರಿಗೆ ತಿಳಿಸಲಾಗಿದೆ. ದೂರು ಬಗೆಹರಿದಿದೆ."