ಜಿಂಕ್ ಶೀಟಿನ ಕೆಳಗೆ ದೊಡ್ಡಮ್ಮನ ತಂಪು

ದೊಡ್ಡಮ್ಮನ ಪಾದಗಳು ಏಪ್ರಿಲ್ ತಿಂಗಳಲ್ಲೂ ನಾಟಿ ಗದ್ದೆಯಿಂದ ಈಗಷ್ಟೇ ಎದ್ದು ಬಂದವರ ಪಾದಗಳಂತಿರುತ್ತಿದ್ದವು. ಬೆಳ್ಳಗೆ ನೆನೆದು, ಸುಕ್ಕುಗಟ್ಟಿ, ಬೆರಳ ಸಂದಿಗಳು ಬಿರಿದು ಕೆಂಪಾಗಿರುತ್ತಿದ್ದವು. ತಲೆಯ ಮೇಲಿಂದ ಮಾತ್ರ ಕರಿ ಕಂಬಳಿ. ಕಾಲು ನೀರಿನಲ್ಲಿ, ಮೈ ಕಂಬಳಿಯಲ್ಲಿ. ಭದ್ರಾವತಿಯ ಸುಡುವ ಮಧ್ಯಾಹ್ನದಲ್ಲಿ ಅವಳನ್ನು ಹಾಗೆ ಕಂಡವರು ಇವಳಿಗೆ ತಲೆ ಕೆಟ್ಟಿದೆ ಎಂದುಕೊಂಡರೆ ತಪ್ಪೇನಿಲ್ಲ. ಮೊದಲ ದಿನ ನಾನೂ ಹಾಗೇ ಅಂದುಕೊಂಡೆ.

ಅವಳು ನನ್ನ ಅಮ್ಮನ ಅಕ್ಕ. ಅರವತ್ತರ ದಶಕ ಶುರುವಾದ ಹೊತ್ತಿನಲ್ಲಿ ನನಗೆ ಭದ್ರಾವತಿಯಲ್ಲಿ ಟೀಚರ್ ಕೆಲಸ ಸಿಕ್ಕಿ, ಶಿವಮೊಗ್ಗದ ಮನೆಯಿಂದ ಟ್ರಂಕು ಹೊತ್ತು ಅವಳಲ್ಲಿಗೆ ಬಂದಿಳಿದೆ. ಮನೆ ಎಂದರೆ ಸಾಲುಮನೆಯ ಒಂದು ತುಂಡು. ಕೋಣೆ, ಅಡುಗೆಮನೆ, ಮೇಲೆ ಜಿಂಕ್ ಶೀಟು. ಕರೆಂಟು ಇರಲಿಲ್ಲ, ಫ್ಯಾನಿನ ಮಾತಂತೂ ದೂರ. ದೊಡ್ಡಪ್ಪ ಒಂದು ಸಣ್ಣ ಎರಕದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಲ್ಲುವವರು. ಸದಾ ನೈಟ್ ಶಿಫ್ಟು. ರಾತ್ರಿಯೆಲ್ಲ ಬೆಂಕಿಯ ಎದುರು ಬೆಂದು, ಹಗಲು ಕಾದ ಶೀಟಿನ ಕೆಳಗೆ ನಿದ್ದೆ ಹುಡುಕಬೇಕು.

ಆ ನಿದ್ದೆಯನ್ನು ಹುಡುಕಿಕೊಡುತ್ತಿದ್ದವಳು ದೊಡ್ಡಮ್ಮ. ಕಿಟಕಿ ಬಾಗಿಲಿಗೆಲ್ಲ ಗೋಣಿತಾಟು ಇಳಿಬಿಡುತ್ತಿದ್ದಳು. ದೊಡ್ಡಪ್ಪನಿಗೆ ನಿದ್ದೆ ಹತ್ತಿದ ಮೇಲೆ ಹೊಸ್ತಿಲಿಗೆ ಹಳೆಯ ಸೀರೆ ಸುತ್ತಿ, ಗದ್ದೆಗೆ ಒಡ್ಡು ಕಟ್ಟಿದ ಹಾಗೆ ಕಟ್ಟಿ, ಬಾವಿಯಿಂದ ಸೇದಿ ತಂದ ನೀರನ್ನು ಕೋಣೆಯೊಳಗೆ ನಿಲ್ಲಿಸುತ್ತಿದ್ದಳು. ದೊಡ್ಡಪ್ಪನ ಮಂಚ ಆ ನೀರಿನ ನಡುವೆ. ಇವಳು ಮಂಚದ ಪಕ್ಕದ ಮಣೆಯ ಮೇಲೆ ಕೂತು, ತಾಟು ಒಣಗಿದಂತೆಲ್ಲ ಚೊಂಬಿನಿಂದ ನೀರು ಚಿಮುಕಿಸುವಳು. ಅವರು ಏಳುವ ಹೊತ್ತಿಗೆ ನೀರೆಲ್ಲ ಹೊರಗೆ, ನೆಲ ಒರೆಸಿಯಾಗಿದೆ, ಕಾಫಿ ಒಲೆಯ ಮೇಲಿದೆ.

ಆ ಪುಣ್ಯಾತ್ಮ ಮೈಮುರಿದು ಎದ್ದು ನನಗೆ ಹೇಳುತ್ತಿದ್ದರು: "ನಮ್ಮನೆ ಬಾವಿ ಪಕ್ಕ ಇದೆ ನೋಡು ಮಾರಾಯ್ತಿ, ಅದಕ್ಕೇ ಈ ತಂಪು. ಸಾಲಲ್ಲಿ ಬೇರೆ ಯಾರ ಮನೇಲೂ ಇಲ್ಲ."

ನನಗೆ ಮೈಯೆಲ್ಲ ಉರಿಯುತ್ತಿತ್ತು. ದೊಡ್ಡಮ್ಮ ಸುಮ್ಮನಿರು ಎಂದು ಕಣ್ಣಲ್ಲೇ ಗದರುವಳು.

ಅವಳಿಗೆ ಆ ತಂಪು ವಿಷ. ಹೊಳೆಹೊನ್ನೂರಿನಲ್ಲಿ ಹುಡುಗಿಯಾಗಿದ್ದಾಗ ವರ್ಷಗಟ್ಟಲೆ ಚಳಿಜ್ವರ ಹಿಡಿದು ಹಿಂಡಿದ್ದರಿಂದ, ಬೇರೆಯವರು ಬೆವರುವಾಗಲೂ ಅವಳು ನಡುಗುತ್ತಿದ್ದಳು. ಒಮ್ಮೆ ನಾನು ಚೊಂಬು ಕಸಿದುಕೊಂಡು ಬೈದೆ. ಅವಳು ನಕ್ಕುಬಿಟ್ಟಳು.

"ಚಳಿಗಾದ್ರೆ ಹೊದ್ಕೋಬಹುದು ಕಣೇ. ಸೆಕೆಗೆ ಚರ್ಮ ಸುಲ್ಕೊಳ್ಳೋಕಾಗತ್ತಾ? ನಂಗೆ ಕಂಬಳಿ ಇದೆ. ಅವ್ರಿಗೇನಿದೆ ಹೇಳು?"

ಮೊದಲು ಅವಳು ಇಷ್ಟು ಹಟ ಹಿಡಿಯುತ್ತಿರಲಿಲ್ಲವಂತೆ. ಪಕ್ಕದ ಮನೆಯ ತಮಿಳು ಹೆಂಗಸಿನ ಗಂಡ, ದೊಡ್ಡಪ್ಪನ ಜೊತೆ ಕೆಲಸಕ್ಕಿದ್ದವನು, ಹಗಲು ನಿದ್ದೆಯಿಲ್ಲದೆ ಕುಲುಮೆಯ ಹತ್ತಿರ ನಿಂತಲ್ಲೇ ತೂಕಡಿಸಿ ಬಿದ್ದು ಕಾಲು ಕಳೆದುಕೊಂಡ. ಅವನನ್ನು ಹೊತ್ತು ತಂದದ್ದನ್ನು ದೊಡ್ಡಮ್ಮ ಬಾವಿಕಟ್ಟೆಯಿಂದ ನೋಡಿದ್ದಳು. ಅಂದಿನಿಂದ ದೊಡ್ಡಪ್ಪನ ಕಣ್ಣು ಸ್ವಲ್ಪ ಕೆಂಪಾಗಿದ್ದರೂ ಅವಳಿಗೆ ಜೀವ ಬಾಯಿಗೆ ಬರುತ್ತಿತ್ತು.

ನಾನು ಬಂದ ಎರಡನೆಯ ಬೇಸಿಗೆಗೆ ಅವಳ ಕೆಮ್ಮು ನಿಲ್ಲದಾಯಿತು. ದೊಡ್ಡಪ್ಪ ಮಲಗಿರುವಾಗ ಸೆರಗನ್ನು ಬಾಯಿಗೆ ತುರುಕಿಕೊಂಡು ಕೆಮ್ಮುವಳು. ಬಲವಂತವಾಗಿ ಶಿವಮೊಗ್ಗಕ್ಕೆ ಕರೆದೊಯ್ದು ಡಾಕ್ಟರಿಗೆ ತೋರಿಸಿದೆ. ಅವರು ಎದೆ ಪರೀಕ್ಷಿಸಿ, "ಔಷಧಿ ಕೊಡ್ತೀನಮ್ಮ, ಆದ್ರೆ ಮೊದ್ಲು ಒದ್ದೆ ಬಿಡಿ. ಬೆಚ್ಚಗಿರಿ" ಎಂದರು. ಅಲ್ಲೇ ನಮ್ಮ ಮನೆಯಲ್ಲಿ ಉಳಿಸಿಕೊಂಡೆವು. ಬಚ್ಚಲೊಲೆಯ ಮುಂದೆ ಕಾಲು ಚಾಚಿ ಕೂತಳು. ಅವಳ ಕಂಬಳಿ ಹೆಗಲಿನಿಂದ ಜಾರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮುಖಕ್ಕೆ ಬಣ್ಣ ಬಂದಿತ್ತು. ಬದುಕಿದಳು ಅಂದುಕೊಂಡೆ.

ಆದರೆ ಮಧ್ಯಾಹ್ನವಾದರೆ ಸಾಕು, ಹೊರಗಿನ ಬಿಸಿಲು ನೋಡಿ ಅಳಲು ಶುರು. "ಶೀಟು ಕಾದಿರತ್ತೆ ಕಣೇ. ಅವ್ರು ಹೊರಳಾಡ್ತಿರ್ತಾರೆ." ಅಮ್ಮ ಕೈಮುಗಿದು ಬೇಡಿದರೂ ಕೇಳದೆ ರೈಲು ಹತ್ತಿಬಿಟ್ಟಳು.

ನಾನು ಹಿಂದೆಯೇ ಹೋಗಿ, ಅವಳು ಬಾವಿಗೆ ಹೋದದ್ದನ್ನು ನೋಡಿಕೊಂಡು ದೊಡ್ಡಪ್ಪನಿಗೆ ಎಲ್ಲವನ್ನೂ ಹೇಳಿದೆ. ಬಾವಿಯ ತಂಪಲ್ಲ ದೊಡ್ಡಪ್ಪ, ನೀವು ಮಲಗಿದ್ದಷ್ಟೂ ಹೊತ್ತು ಅವಳು ನೀರಲ್ಲಿ ಕಾಲಿಟ್ಟು ಕೂತಿರ್ತಾಳೆ, ಎಂದೆ. ಅವರು ಮಂಚದ ಕೆಳಗಿನ ನೆಲವನ್ನು ಅಂಗೈಯಿಂದ ಸವರಿ ನೋಡಿದರು.

ಮಾರನೆಯ ದಿನ ಅವರು ಚಾಪೆ ಸುತ್ತಿಕೊಂಡು, ಹೊಳೆದಂಡೆಯ ಮರದಡಿ ಮಲಗುತ್ತೇನೆಂದು ಹೋದರು. ಅಲ್ಲಿ ನೊಣ, ದನ, ಬಟ್ಟೆ ಒಗೆಯುವವರ ಸದ್ದು. ಮೂರು ದಿನಕ್ಕೇ ಕಣ್ಣು ಕೆಂಡವಾಯಿತು. ಸಂಜೆ ಕಾರ್ಖಾನೆಗೆ ಹೊರಟವರು ಮನೆಯ ಬಾಗಿಲಲ್ಲೇ ಸೈಕಲ್ ಸಮೇತ ಉರುಳಿದರು. ದೊಡ್ಡಮ್ಮ ಅವರ ಮೊಣಕೈಯ ಮಣ್ಣು ಒರೆಸಿ, ನನ್ನ ಕಡೆ ತಿರುಗಿದಳು.

"ನೋಡಿದ್ಯಾ? ಇನ್ನು ನೀನು ಮಧ್ಯೆ ಬರ್ಬೇಡ."

ಬೆಳಿಗ್ಗೆ ಒಡ್ಡು ಮತ್ತೆ ಎದ್ದಿತ್ತು. ದೊಡ್ಡಪ್ಪ ಬೇಡ ಎಂದು ಕೂಗಾಡಿದರು, ಗೋಣಿತಾಟನ್ನು ಕಿತ್ತೆಸೆದರು, ಕೊನೆಗೆ ಮಂಚದ ಮೇಲೆ ಕೂತು ಅತ್ತರು. ಅಳುತ್ತ ಅಳುತ್ತಲೇ ನಿದ್ದೆ ಹೋದರು. ದೇಹಕ್ಕೆ ಮರ್ಯಾದೆ ಎಲ್ಲಿದೆ! ಅವಳು ತಾಟು ಎತ್ತಿ ಮತ್ತೆ ಕಟ್ಟಿದಳು. ಅವಳ ಬದಲು ನಾನು ನೀರು ಚಿಮುಕಿಸುತ್ತೇನೆ ಅಂದರೆ ಚೊಂಬು ಕೊಡಲಿಲ್ಲ. ಈ ಮನೆಯಲ್ಲಿ ಒಬ್ಬರು ಬದುಕಬೇಕಾದರೆ ಇನ್ನೊಬ್ಬರು ಸಾಯಬೇಕು ಎಂಬುದು ನಮ್ಮ ಮೂವರಿಗೂ ಆ ಹೊತ್ತಿಗೆ ತಿಳಿದುಹೋಗಿತ್ತು. ಅಂಥ ಬೇಸಿಗೆಯನ್ನು ನನ್ನ ಶತ್ರುವಿಗೂ ದೇವರು ಕೊಡದಿರಲಿ.

ಮೊದಲ ಮಳೆ ಬಿದ್ದು, ಶೀಟು ತಾನಾಗಿಯೇ ತಣ್ಣಗಾದ ವಾರದಲ್ಲಿ ದೊಡ್ಡಮ್ಮ ಹೋದಳು. ಮಣೆಯ ಮೇಲೆ ಕೂತಂತೆಯೇ ಗೋಡೆಗೆ ಒರಗಿದ್ದಳು. ಎಬ್ಬಿಸಲು ಹೋದವರು ದೊಡ್ಡಪ್ಪನೇ.

ಅಂದು ಅವರು ಯಾರನ್ನೂ ಕೇಳದೆ ಅಗ್ಗಿಷ್ಟಿಕೆಗೆ ಇದ್ದಲು ಹಾಕಿ, ಊದಿ ಊದಿ ಕೆಂಡ ಮಾಡಿ, ಅವಳ ಕಾಲ ಬಳಿ ತಂದಿಟ್ಟರು. ಮನೆಯಲ್ಲಿ ದೀಪದ ಶಾಖಕ್ಕೂ ಮುಖ ತಿರುಗಿಸುತ್ತಿದ್ದ ಮನುಷ್ಯ ಆ ಕೆಂಡಕ್ಕೆ ಒತ್ತಿಕೊಂಡು ಕೂತಿದ್ದರು. ಬೆವರು ಧಾರೆಯಾಗಿ ಇಳಿಯುತ್ತಿತ್ತು. ಹೆಣ ಎತ್ತಲು ಬಂದ ಹಿರಿಯರೊಬ್ಬರು, "ಹೊತ್ತಾಯ್ತು, ಬೆಂಕಿ ಆ ಕಡೆ ಇಡಿ ಮಾರಾಯ್ರೇ" ಎಂದರು.

"ಸ್ವಲ್ಪ ತಡೀರಿ" ಎಂದರು ದೊಡ್ಡಪ್ಪ. "ಅವಳ ಕಾಲು ಇನ್ನೂ ಒಣಗಿಲ್ಲ."

ಎಲ್ಲರೂ ಬಾಗಿಲಲ್ಲಿ ನಿಂತು ಕಾದೆವು.