ನೀರು ನಿಲ್ಲದ ಹಾಯಿ

ಇವತ್ತು ಬೆಳಿಗ್ಗೆ ಐದೂವರೆಗೆ ಎದ್ದೆ. ಹಾಲು ಕಾಯಿಸಿದೆ. ರಾತ್ರಿ ನೆನೆಹಾಕಿದ್ದ ಹೆಸರುಕಾಳು ಬಸಿದು ಬಟ್ಟೆಯಲ್ಲಿ ಕಟ್ಟಿಟ್ಟೆ. ನೀರಿನ ಕ್ಯಾನ್ ತರುವವನಿಗೆ ಫೋನ್ ಮಾಡಿದೆ. ಬಾಲ್ಕನಿಯಲ್ಲಿ ಪಾರಿವಾಳಗಳು ಮಾಡಿದ್ದ ಗಲೀಜು ತೊಳೆದೆ. ನನ್ನ ಗಂಡನ ಬಿಳಿ ಅಂಗಿಗೆ ಗುಂಡಿ ಹಾಕಿಕೊಟ್ಟೆ. ಹತ್ತು ಗಂಟೆಗೆ ಇಬ್ಬರೂ ಎಲೆಕ್ಟ್ರಾನಿಕ್ ಸಿಟಿಯಿಂದ ಹೊರಟು ಜಿಗಣಿಗೆ ಹೋಗಿ, ಗಂಗಣ್ಣನ ತಿಥಿ ಮುಗಿಸಿಕೊಂಡು ಬಂದೆವು.

ಗಂಗಣ್ಣ ಎಂದರೆ ನನಗೆ ಮೊದಲು ನೆನಪಾಗುವುದು ಒಂದು ಚೊಂಬು ನೀರು. ಜಿಗಣಿಯ ಫ್ಯಾಕ್ಟರಿಗಳ ಕಡೆ ತಿರುಗುವ ರಸ್ತೆಯಲ್ಲಿ ಅವರದು ಟಾರ್ಪಾಲು ಹೊಲಿಯುವ ಅಂಗಡಿ. ಲಾರಿಗೆ ಹೊದಿಸುವುದು, ಗೋಡೌನಿನ ಪರದೆ, ಮದುವೆಮನೆಯ ಚಪ್ಪರದ ಮೇಲುಹೊದಿಕೆ, ಎಲ್ಲ ಹೊಲಿಯುತ್ತಿದ್ದರು. ಹೊಲಿದದ್ದನ್ನು ನಾಲ್ಕು ಮೂಲೆಗೂ ಹಗ್ಗ ಕಟ್ಟಿ ಅಂಗಡಿ ಮುಂದೆ ಬಿಗಿಯಾಗಿ ಎಳೆದು, ನಡುವೆ ಒಂದು ಚೊಂಬು ನೀರು ಸುರಿಯುತ್ತಿದ್ದರು. ನೀರು ಸರ್ರನೆ ಅಂಚಿಗೆ ಇಳಿದುಹೋದರೆ ಸರಿ. ಅಂಗೈಯಗಲ ನಿಂತರೂ ಸಾಕು, ಆ ಹೊಲಿಗೆ ಬಿಚ್ಚಿ ಮತ್ತೆ ಹೊಲಿಯುವುದೇ. ಲಾರಿಯವನು ಅವಸರ ಮಾಡಿದರೆ ತಲೆ ಎತ್ತದೆ ಹೇಳುತ್ತಿದ್ದರು: "ಮಳೆ ನಿನ್ನ ಕೇಳ್ಕಂಡ್ ಬತ್ತದಾ? ನೀರ್ ನಿಂತ್ರೆ ಬಟ್ಟೆ ಜೋಲ್ತದೆ, ಜೋತ್ರೆ ಅರೀತದೆ. ಅಲ್ಲಿ ಕೂತ್ಕಂಡು ಟೀ ಕುಡಿ, ಓಗು."

ಒಣಕಲು ಮೈ, ಹೆಗಲ ಮೇಲೆ ಟವೆಲ್. ದಾರಕ್ಕೆ ಸವರುವ ಜೇನುಮೇಣದ ಉಂಡೆ ಯಾವಾಗಲೂ ಅಂಗಿಯ ಜೇಬಿನಲ್ಲಿ. ಬೇಸಿಗೆಯಲ್ಲಿ ಅದು ಕರಗಿ ಎದೆಯ ಎಡಭಾಗದಲ್ಲೆಲ್ಲ ಕಲೆ. ನಮ್ಮ ಬಾಲ್ಕನಿಗೆ ಮಳೆ ಹೊಡೆಯದಂತೆ ಪರದೆ ಹಾಕಲು ಬಂದಾಗಿನಿಂದ ಪರಿಚಯ, ಎಂಟು ವರ್ಷ ಆಗಿತ್ತು. ನಾನು ಅಪಾರ್ಟ್‌ಮೆಂಟಿನವರಿಗೆ ರವಿಕೆ ಹೊಲಿದುಕೊಡುತ್ತೇನೆ ಎಂದು ಗೊತ್ತಾದ ಮೇಲೆ ನನ್ನನ್ನೂ ಕಸುಬಿನವಳೆಂದು ಎಣಿಸಿಕೊಂಡರು. ನನ್ನ ಹೊಲಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿ, "ಕೆಲ್ಸ ಚೆಂದಾಗದೆ ಅಮ್ಮಾವ್ರೇ, ದಾರ ಮಾತ್ರ ಜೀವ ಇಲ್ದದ್ದು" ಎಂದಿದ್ದರು. ಗಿರಾಕಿಯ ರವಿಕೆ ಅದು. ಜಗ್ಗಿದ್ದಕ್ಕೆ ತೋಳು ಬಿಟ್ಟುಕೊಂಡಿತು. ಮಾರನೆಯ ದಿನ ಒಂದು ಉಂಡೆ ಗಟ್ಟಿ ದಾರ ತಂದುಕೊಟ್ಟು ಹೋದರು.

ಎರಡೂವರೆ ವರ್ಷದ ಹಿಂದೆ ಅವರಿಗೆ ಸಣ್ಣದಾಗಿ ಲಕ್ವ ಹೊಡೆಯಿತು. ನಡಿಗೆ, ಮಾತು ಎಲ್ಲ ಮರಳಿ ಬಂತು. ಬಲಗೈಯ ಎರಡು ಬೆರಳು ಮಾತ್ರ ಜೋಮು ಹಿಡಿದದ್ದು ಹಾಗೇ ಉಳಿಯಿತು. ಒಂದು ದಿನ ಮಿಷಿನ್ನಿನ ಸೂಜಿ ತೋರುಬೆರಳಿನೊಳಗೆ ಇಳಿದದ್ದು ಅವರಿಗೆ ತಿಳಿಯಲೇ ಇಲ್ಲ. ಹಳದಿ ಬಟ್ಟೆ ಕೆಂಪಾದ ಮೇಲೆ ಪಕ್ಕದ ಪಂಕ್ಚರ್ ಅಂಗಡಿಯವನು ಕೂಗಿದನಂತೆ. ಅಂದಿನಿಂದ ಮಗಳು ಮಂಜುಳ ಅಂಗಡಿ ಮುಚ್ಚಿ ಎಂದು ಹಟ ಹಿಡಿದಳು. ಅವರು ಕೇಳಲಿಲ್ಲ.

ಈ ಜಗ್ಗಾಟ ಎರಡು ವರ್ಷ ನಡೆದಿತ್ತು, ಆಗಲೇ ನನ್ನ ಗಂಡ ದೋಣಿ ಕೊಂಡರು. ಮೂವತ್ತು ವರ್ಷ ಫ್ಯಾಕ್ಟರಿಯ ಮೇಂಟೆನೆನ್ಸ್‌ನಲ್ಲಿದ್ದು ನಿವೃತ್ತರಾದವರು. ಹುಟ್ಟಿದ್ದು ಗಂಗೊಳ್ಳಿಯ ಹತ್ತಿರ, ಹೊಳೆಯ ದಂಡೆಯಲ್ಲಿ. ಈಗ ಅಲ್ಲಿ ಅವರ ಅಕ್ಕ ಇದ್ದಾರೆ. ಕಾರವಾರದಲ್ಲಿ ಯಾರೋ ಇಪ್ಪತ್ತು ವರ್ಷದ ಹಳೆಯ ಹಾಯಿದೋಣಿ ಮಾರುತ್ತಾರೆಂದು ತಿಳಿದು ನೋಡಿಬಂದರು, ಎರಡನೇ ಸಲ ಹೋದಾಗ ಕೊಂಡೇಬಿಟ್ಟರು. ಲಾರಿಯಲ್ಲಿ ಹಾಕಿ ತರುವುದಿಲ್ಲ, ಕರಾವಳಿಯ ಗುಂಟ ನೀರಿನ ಮೇಲೇ ಅಕ್ಕನ ಮನೆಯ ಹಿತ್ತಲಿಗೆ ತರುತ್ತೇನೆ ಎಂದರು. ಅದರ ಹಾಯಿ ಲಡ್ಡಾಗಿತ್ತು. ಅದನ್ನು ಸುತ್ತಿಕೊಂಡು ಬಂದು ಗಂಗಣ್ಣನ ಮುಂದೆ ಹರವಿ, "ಇದೇ ಥರ ಒಂದು" ಎಂದರು.

ಗಂಗಣ್ಣ ಬಗ್ಗಿ ಕೈಯಾಡಿಸಿದರು. "ನಡೂಕೆ ಎಷ್ಟ್ ಜೋತದೆ ನೋಡಿ ಸಾಮಿ. ವಯಸ್ಸಾಗದೆ ಇದಕ್ಕೆ."

ಆ ಜೋಲನ್ನೆಲ್ಲ ಕೈಯಲ್ಲಿ ಸವರಿ ತೆಗೆದು, ನೆಲಕ್ಕೆ ಮಟ್ಟಸ ಮಾಡಿಕೊಂಡು ಅಳತೆ ತೆಗೆದರು. ಹದಿನೈದು ದಿನ ಹಿಡಿಯಿತು. ಮುಗಿದ ಸಂಜೆ ಹಾಯಿಯನ್ನು ಮೂರು ಮೂಲೆಗೆ ಎಳೆದು ಕಟ್ಟಿ ಚೊಂಬು ನೀರು ಸುರಿದರು. "ಒಂದ್ ತೊಟ್ಟು ನಿಂತಿಲ್ಲ ನೋಡಿ" ಎಂದರು. ನಾವಿಬ್ಬರೂ ತಲೆದೂಗಿದೆವು.

ಮರುದಿನ ಮಂಜುಳ ನಮ್ಮ ಮನೆಗೆ ಬಂದಳು. ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್, ನಿಂತೇ ಮಾತಾಡುವ ಅಭ್ಯಾಸ. ಇವರು ಮನೆಯಲ್ಲಿರಲಿಲ್ಲ.

"ಆಂಟಿ, ಹಾಯಿ ಕಟ್ಟೋಕೆ ಅಂತ ಅಪ್ಪನ್ನೂ ಕರ್ಕೊಂಡ್ ಹೋಗಿ. ಒಂದ್ ವಾರ ಆಚೆ ಇರ್ಲಿ. ಶುಕ್ರವಾರ ಬೆಳಿಗ್ಗೆ ಟೆಂಪೋ ಬರುತ್ತೆ, ಮಿಷಿನ್ ಎತ್ತಿಸಿ ಅಂಗಡಿ ಖಾಲಿ ಮಾಡಿಬಿಡ್ತೀನಿ. ಅವರು ಇದ್ರೆ ಮಿಷಿನ್ನಿಗೆ ಕಟ್ಟಿಹಾಕ್ಕೊಂಡು ಕೂತ್ಬಿಡ್ತಾರೆ."

"ಅವರಿಗೆ ಒಂದು ಮಾತು ಹೇಳಬಾರದೇನೇ?"

"ಎರಡ್ ವರ್ಷದಿಂದ ಹೇಳ್ತಾನೇ ಇದೀನಲ್ಲ. ಇನ್ನೊಂದ್ಸಲ ಸೂಜಿ ಹೊಕ್ರೆ ಬೆರಳು ತೆಗೀಬೇಕಾಗುತ್ತೆ ಅಂದಿದಾರೆ ಡಾಕ್ಟ್ರು. ಆಮೇಲೆ ನೀವು ಬಂದು ನೋಡ್ಕೋತೀರಾ?"

ಅವಳ ಕಣ್ಣು ಕೆಂಪಗಿತ್ತು. ನಾನು ಆಯಿತು ಎಂದೆ. ಗಂಗಣ್ಣ ಅಂಗಡಿ ಬಿಟ್ಟು ಬರಲಾರೆ ಎಂದಾಗ ಬನ್ನಿ ಬನ್ನಿ ಎಂದು ಒತ್ತಾಯ ಮಾಡಿದ್ದು ನಾನೇ. ಟೆಂಪೋ ವಿಷಯ ನನ್ನ ಗಂಡನಿಗೂ ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಕಾರವಾರದಿಂದ ಹೊರಟೆವು. ಹಾಯಿ ಕಟ್ಟಿದ್ದು ಗಂಗಣ್ಣನೇ. ಲಾರಿಯ ಮೇಲೆ ಬಿಗಿಯುವ ಗಂಟನ್ನೇ ಅಲ್ಲೂ ಹಾಕಿದರು. ನೆಲದ ಕಡೆಯಿಂದ ತೆಳ್ಳಗೆ ಗಾಳಿ ಇತ್ತು. ಹಾಯಿ ಹಲಗೆಯ ಹಾಗೆ ಚಪ್ಪಟೆಯಾಗಿ ನಿಂತು ಪಟಪಟ ಹೊಡೆದುಕೊಂಡಿತೇ ಹೊರತು ದೋಣಿ ಮುಂದೆ ಸಾಗಲಿಲ್ಲ. ದಡದಲ್ಲಿ ಕಂಡ ಒಂದು ನೀಲಿ ಮನೆ ಒಂದು ಗಂಟೆಯಾದರೂ ಅದೇ ಜಾಗದಲ್ಲಿತ್ತು. ಕೊನೆಗೆ ಇವರು ಇಂಜಿನ್ ಹಾಕಿದರು. ಗಂಗಣ್ಣ ಇಂಜಿನ್ನಿನ ಕಡೆ ತಿರುಗಿ, "ಇಂಜಿನ್ನಾಗೇ ಓಗದಾದ್ರೆ ನಾನ್ ಒಲ್ದಿದ್ದು ಯಾಕೆ ಸಾಮಿ?" ಎಂದರು.

ಇವರು ಮೆಲ್ಲಗೆ ಹೇಳಿದರು: "ತಪ್ಪು ನಂದು ಗಂಗಣ್ಣ. ಹಳೇ ಹಾಯಿ ಜೋತಿರಲಿಲ್ಲ. ಅದನ್ನ ಹಾಗೇ ಹೊಲಿದಿದ್ರು. ಗಾಳಿ ಹಿಡಿಯೋಕೆ ಅದಕ್ಕೊಂದು ಹೊಟ್ಟೆ ಬೇಕು."

ಗಂಗಣ್ಣ ಹಾಯಿಯನ್ನು ನೋಡಿದರು, ತಮ್ಮ ಕೈ ನೋಡಿಕೊಂಡರು. ನಲವತ್ತು ವರ್ಷ ಬಟ್ಟೆಯ ಹೊಟ್ಟೆ ತೆಗೆಯುವುದೇ ಅವರ ಕೆಲಸವಾಗಿತ್ತು. "ಆಯಿ ಇಳ್ಸಿ" ಎಂದರು. "ದಡ ಸಿಕ್ಕಿದ್ ಕಡೆ ನಿಲ್ಸಿ."

ತದಡಿಯಲ್ಲಿ ಲಂಗರು ಹಾಕಿದೆವು. ಮಂಗಳವಾರ ಇಡೀ ದಿನ ಬಲೆ ಒಣಗಿಸುವ ಸಿಮೆಂಟು ಕಟ್ಟೆಯ ಮೇಲೆ ಹಾಯಿ ಹರವಿಕೊಂಡು ಕೂತರು. ಹೊಟ್ಟೆ ಬರಿಸುವುದು ಹೇಗೆಂದು ಅವರಿಗೆ ತಿಳಿಯದು. ನಾನು ನನ್ನ ರವಿಕೆಯ ಡಾಟ್ ಮಡಿಕೆ ತೋರಿಸಿದೆ: ಅಂಚಿನಲ್ಲಿ ಜಾಸ್ತಿ ಬಟ್ಟೆ ಹಿಡಿದು, ಒಳಕ್ಕೆ ಹೋಗುತ್ತಾ ಹೋಗುತ್ತಾ ಬಿಡುತ್ತಾ ಬಂದರೆ ನಡುವೆ ಉಬ್ಬು ತಾನೇ ಬರುತ್ತದೆ. ಅವರು ತುಂಬಾ ಹೊತ್ತು ನೋಡಿ, "ಇಷ್ಟೇಯಾ? ನಮ್ಮನೇವಳು ದಿನಾ ಆಕ್ಕಂಡ್ ಓಡಾಡ್ತವಳೆ, ನನ್ ಕಣ್ಗೆ ಬೀಳ್ನಿಲ್ವಲ್ಲ" ಎಂದರು.

ಜೋಮು ಹಿಡಿದ ಬೆರಳುಗಳಿಗೆ ಬಟ್ಟೆ ಸುತ್ತಿ, ಅಂಗೈಗೆ ಚರ್ಮದ ಪಟ್ಟಿ ಕಟ್ಟಿ, ದಬ್ಬಳದಲ್ಲಿ ಹೊಲಿದರು. ಎದುರು ಕೂತು ಬಟ್ಟೆ ಹಿಡಿದುಕೊಂಡವಳು ನಾನು. ಎರಡು ಸಲ ದಬ್ಬಳ ಬೆರಳಿಗೇ ಚುಚ್ಚಿತು. ಅವರಿಗೆ ತಿಳಿಯಲಿಲ್ಲ. ಸೆರಗಿನಿಂದ ರಕ್ತ ಒರೆಸಿ ಮತ್ತೆ ಬಟ್ಟೆ ಹಿಡಿದೆ. ಮಗಳು ಹೇಳಿದ್ದು ಸುಳ್ಳಲ್ಲ ಎಂದುಕೊಂಡೆ. ಆದರೆ ಹೊಲಿಗೆ ಒಂದೂ ವಾರೆಯಾಗಿರಲಿಲ್ಲ.

ಬುಧವಾರ ಹಾಯಿ ಏರಿಸಿದಾಗ ಒಂದು ಸಲ ಬಡಿದುಕೊಂಡಿತು, ಆಮೇಲೆ ತುಂಬಿಕೊಂಡಿತು. ದೋಣಿ ಒಂದು ಪಕ್ಕಕ್ಕೆ ಬಾಗಿ ಸರಿಯತೊಡಗಿತು. ಇಂಜಿನ್ನಿನ ಸದ್ದಿಲ್ಲ, ಅಡಿಯಲ್ಲಿ ನೀರಿನ ಸದ್ದು ಮಾತ್ರ. ಗಂಗಣ್ಣ ಕತ್ತೆತ್ತಿ ನೋಡುತ್ತಾ ಕೂತವರು ತಿಂಡಿಗೂ ಕೈ ಹಾಕಲಿಲ್ಲ. "ಇದ್ರಾಗೆ ನೀರ್ ಸುರುದ್ರೆ ಎರಡ್ ಕೊಡ ನಿಂತ್ಕತದೆ ಅಮ್ಮಾವ್ರೇ" ಎಂದು ನಕ್ಕರು.

ಸಂಜೆ ಹೊನ್ನಾವರದ ಜೆಟ್ಟಿಯಲ್ಲಿ ಇವರು ಡೀಸೆಲ್ ತರಲು ಹೋದಾಗ ಗಂಗಣ್ಣ ಹೇಳಿದರು: "ಕೈಯೊಲಿಗೆ ಎಷ್ಟ್ ದಿನ ತಡೀತದೆ? ಊರ್ಗೋದೇಟ್ಗೆ ಮಿಷಿನ್ನಾಗೆ ಇನ್ನೊಂದು ಒಲೀತೀನಿ. ಅಳತೆ ಈಗ ಕೈಗ್ ಸಿಕ್ತು. ಮಂಜುಳಂಗೂ ತೋರಿಸ್ಬೇಕು, ಅಂಗಡಿ ಮುಚ್ಚು ಮುಚ್ಚು ಅಂತಿದ್ಲು."

ಎದುರಿಗೇ ಬಸ್‌ಸ್ಟ್ಯಾಂಡಿಗೆ ಹೋಗುವ ಆಟೋಗಳು ನಿಂತಿದ್ದವು. ಆಗ ಬಸ್ಸು ಹತ್ತಿದ್ದರೆ ಗುರುವಾರ ಬೆಳಿಗ್ಗೆ ಅವರು ಜಿಗಣಿಯಲ್ಲಿರುತ್ತಿದ್ದರು. ಟೆಂಪೋ ಬರುವುದು ಶುಕ್ರವಾರ. ನನಗೆ ಅದು ಗೊತ್ತಿತ್ತು, ಲೆಕ್ಕವೂ ಹಾಕಿದೆ. "ಟೀ ಕುಡೀತೀರಾ ಗಂಗಣ್ಣ?" ಎಂದೆ. ಅವರು ಮುಖ ಅಷ್ಟು ತಿಳಿಯಾಗಿಟ್ಟುಕೊಂಡು ಕೂತಿದ್ದರು; ಎರಡು ದಿನ ಹಾಗೇ ಇರಲಿ ಎಂದು ನನ್ನ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಶುಕ್ರವಾರ ಮಧ್ಯಾಹ್ನ ದೋಣಿ ಹೊಳೆಯ ಬಾಯಿ ದಾಟಿ ಇವರ ಅಕ್ಕನ ಮನೆಯ ಹಿತ್ತಲಿಗೆ ಬಂತು. ಭಾನುವಾರ ಗಂಗಣ್ಣ ಜಿಗಣಿಯಲ್ಲಿ ಬಸ್ಸಿಳಿದು, ಮನೆಗೆ ಹೋಗದೆ ನೇರ ಅಂಗಡಿಗೆ ಹೋದರು. ಜೊತೆಗೆ ನಾನೂ ಇದ್ದೆ; ಇವರು ದೋಣಿಯ ಕೆಲಸಕ್ಕೆಂದು ಅಕ್ಕನ ಮನೆಯಲ್ಲೇ ಉಳಿದಿದ್ದರು. ಶಟರ್ ಅರ್ಧ ತೆರೆದಿತ್ತು, ಒಳಗೆ ಸುಣ್ಣ ಬಳಿಯುತ್ತಿದ್ದರು. ಮಿಷಿನ್ ಇದ್ದ ಜಾಗದಲ್ಲಿ ಸಿಮೆಂಟಿನ ಮೇಲೆ ನಾಲ್ಕು ಬೋಲ್ಟಿನ ತೂತು. ಗಂಗಣ್ಣ ಕುಕ್ಕುರುಗಾಲಲ್ಲಿ ಕೂತು ಒಂದು ತೂತಿನೊಳಗೆ ಬೆರಳಿಟ್ಟರು.

"ನಿಮ್ಗೂ ಗೊತ್ತಿತ್ತಾ ಅಮ್ಮಾವ್ರೇ?"

"ಗೊತ್ತಿತ್ತು ಗಂಗಣ್ಣ."

ಅವರು ಎದ್ದು ಟವೆಲ್ ಕೊಡವಿದರು. "ಆಯ್ತು ಬಿಡಿ. ಆಯಿನ ಒದ್ದೆ ಮಡುಚ್ಬೇಡಿ. ಬೂಷ್ಟು ಇಡೀತದೆ." ಅಷ್ಟೇ. ಬಯ್ದಿದ್ದರೆ ಚೆನ್ನಾಗಿತ್ತು.

ಆಮೇಲೆ ನಮ್ಮ ಮನೆಗೆ ಅವರು ಬರಲಿಲ್ಲ. ನಾನು ಎರಡು ಸಲ ಹೋದೆ. ಜಗಲಿಯ ಮೇಲೆ ಕೂತು "ಬನ್ನಿ, ಕೂತ್ಕಳಿ" ಎಂದರು, ಹೆಂಡತಿಗೆ ಕಾಫಿ ಕೊಡಲು ಹೇಳಿದರು, ಬೇರೆ ಮಾತಿಲ್ಲ. ಅಂಗಿಯ ಜೇಬು ಖಾಲಿ ಇತ್ತು. ನಾಲ್ಕು ತಿಂಗಳಾಗಿತ್ತು, ಮತ್ತೆ ಲಕ್ವ ಹೊಡೆಯಿತು. ಆ ಸಲ ಆಸ್ಪತ್ರೆಗೆ ತಲುಪಲಿಲ್ಲ.

ಇವತ್ತು ಊಟಕ್ಕೆ ಮಂಜುಳ ನನ್ನ ಪಕ್ಕ ಬಂದು ಕೂತಳು. "ಬೆರಳು ಹತ್ತೂ ಇತ್ತು ಆಂಟಿ, ಅಪ್ಪನ್ನ ಕಳಿಸ್ಕೊಡೋವಾಗ" ಎಂದಳು. ನಾನು ಅವಳ ಎಲೆಗೆ ಪಾಯಸ ಬಡಿಸಿಕೊಟ್ಟೆ. ಇಬ್ಬರೂ ಪೂರ್ತಿ ತಿನ್ನಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಇವರಿಗೆ ಎಲ್ಲ ಹೇಳಿದೆ, ಹೊನ್ನಾವರದ ಸಂಜೆಯನ್ನೂ ಸೇರಿಸಿ. ಮನೆಯ ಲಿಫ್ಟಿನಲ್ಲಿ ಇವರು ಕೇಳಿದರು, "ಅವತ್ತು ರಾತ್ರಿ ಬಸ್ಸು ಇತ್ತಾ?"

"ಇತ್ತು."

ಸಂಜೆ ಒಗ್ಗರಣೆ ಅವಲಕ್ಕಿ ಮಾಡಿದೆ, ಮೊಸರು ಹಾಕಿಕೊಂಡು ತಿಂದೆವು. ಇವರು ತಟ್ಟೆ ತಾವೇ ತೊಳೆದಿಟ್ಟರು. ದಿನಾ ನಾನು ಮೊದಲು ಮಲಗುವುದು. ಇವತ್ತು ಇವರು ಎಂಟೂವರೆಗೇ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದರು. ನಿದ್ದೆ ಬಂತೇ ಎಂದು ನಾನು ಕೇಳಲಿಲ್ಲ.