ಹೊರಗಿನ ಚಿಲಕ
ನಮ್ಮ ಕಾಲೇಜಿನಲ್ಲಿ ಅಂತರರಾಷ್ಟ್ರೀಯ ಕಾನೂನು ಕಲಿಸುತ್ತಿದ್ದವರಿಗೆ ನಾವಿಟ್ಟ ಹೆಸರು ಚಿಲಕದ ಮೇಷ್ಟ್ರು. ಸೈನ್ಯವೊಂದು ಪರರ ನೆಲವನ್ನು ವಶದಲ್ಲಿಟ್ಟುಕೊಳ್ಳುವುದೆಂದರೇನು ಎಂಬ ಪಾಠ ಬಂದರೆ ಅವರು ಪುಸ್ತಕ ಮುಚ್ಚಿ, ಹೊರಗೆ ಹೋಗಿ, ಬಾಗಿಲಿಗೆ ಚಿಲಕ ಹಾಕಿಬಿಡುವರು. ಪಕ್ಕದ ಕಿಟಕಿಯಲ್ಲಿ ಮುಖ ತೋರಿಸಿ, "ಒಳಗೆ ನಾನಿಲ್ಲ. ಆದ್ರೆ ಯಾರು ಬರ್ಬೇಕು, ಯಾರು ಹೋಗ್ಬೇಕು ಅನ್ನೋದು ನನ್ನ ಕೈಲಿದೆ. ಈ ಕೋಣೆ ನನ್ನ ವಶದಲ್ಲಿದೆಯೋ ಇಲ್ವೋ, ಹೇಳ್ರಪ್ಪ" ಎನ್ನುವರು. ಇದೆ ಎಂದವರಿಗೆ, "ಒಳಗೆ ಒಬ್ಬ ಸಿಪಾಯಿನೂ ಇಲ್ವಲ್ಲ"; ಇಲ್ಲ ಎಂದವರಿಗೆ, "ಹಾಗಾದ್ರೆ ಎದ್ದು ಹೊರಗೆ ಬನ್ನಿ." ದೊಡ್ಡ ದೊಡ್ಡ ಪಂಡಿತರೇ ಇದಕ್ಕೆ ಇನ್ನೂ ಕಿತ್ತಾಡುತ್ತಿದ್ದಾರೆಂದು ಆಮೇಲೆ ನಗುವರು. ಒಮ್ಮೆ ತಪಾಸಣೆಗೆ ಬಂದ ಅಧಿಕಾರಿಯೂ ಒಳಗೆ ಸಿಕ್ಕಿಬಿದ್ದು, ಬಾಗಿಲು ಬಡಿಯಲು ಬಿಂಕ ಬಿಡದೆ, ಬಸ್ಸು ತಪ್ಪಿಸಿಕೊಂಡರು. "ವಶ ಮಾಡ್ಕೊಂಡೋನು ಒಡೆಯ ಅಲ್ಲ. ಅಲ್ಲಿನ ಜನರ ಅನ್ನ, ಔಷಧಿಗೆ ಅವನೂ ಹೊಣೆ" ಎಂದು ಅವರು ಹೇಳುವಾಗ, ಬಂದೂಕು ಹಿಡಿದವನನ್ನೂ ಕಾಗದದ ನಾಲ್ಕು ಸಾಲು ನಿಲ್ಲಿಸಿ ಕೇಳಬಹುದಲ್ಲ ಎಂದು ನಮ್ಮ ಮೈ ಜುಮ್ಮೆನ್ನುತ್ತಿತ್ತು. ಪ್ರಬಂಧ ತೋರಿಸಲು ಅವರ ಮನೆಗೆ ಹೋದಾಗ ನೋಡಿದೆ, ಒಂದು ಬಾಗಿಲಿಗೂ ಹೊರಗಿನ ಚಿಲಕವಿಲ್ಲ, ಬರೀ ಮೊಳೆಯ ತೂತುಗಳು. ಮೇಷ್ಟ್ರ ಹೆಂಡತಿ ಮೆಲ್ಲಗೆ ಹೇಳಿದರು: "ಇವರು ಚಿಕ್ಕೋರಿದ್ದಾಗ, ಇವರ ಊರನ್ನ ವಶ ಮಾಡ್ಕೊಂಡಿದ್ದ ಸೈನ್ಯ ಬಿಟ್ಟು ಹೋಯ್ತಂತೆ, ಗಡಿ ಗೇಟು ಮಾತ್ರ ಬಿಡ್ಲಿಲ್ಲ. ನಮ್ಮತ್ತೇನ ಆಚೆ ಆಸ್ಪತ್ರೆಗೆ ಕರ್ಕೊಂಡ್ಹೋಗೋಕೆ ಅನುಮತಿ ಚೀಟಿ ಬಂತು, ಅವರು ತೀರ್ಕೊಂಡು ನಾಲ್ಕು ದಿನ ಆದ್ಮೇಲೆ." ಆಗ ನೆನಪಾಯಿತು: ಪಾಠ ಮುಗಿಯುವವರೆಗೂ ಮೇಷ್ಟ್ರ ಕೈ ಚಿಲಕದಿಂದ ಕದಲುತ್ತಿರಲಿಲ್ಲ, ಒಳಗಿನಿಂದ ಯಾರೇ ಒಮ್ಮೆ ಬಡಿದರೂ, ಯಾಕೆಂದು ಕೇಳದೆ ತೆರೆದುಬಿಡುತ್ತಿದ್ದರು.